‘ಎರರ್ ಬರ್ತಿದೆ ಸರ್’ ಎಂದರೆ ಸಾಲದು: ಕೇಳುವ ಕ್ರಮವನ್ನೂ ಲ್ಯಾಬ್‌ನಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್ ಸಲ್ಲಿಸುವ ಹೊತ್ತು ಬಂತೆಂದರೆ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ, ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಒಂದೇ ಬಗೆಯ ಸಂದೇಶಗಳು ಸಾಲುಗಟ್ಟುತ್ತವೆ: ‘ಸರ್, ಎರರ್ ಬರ್ತಿದೆ, ಅರ್ಜೆಂಟ್, ನಾಳೆ ಸಬ್ಮಿಷನ್.’ ಜೊತೆಗೊಂದು ಫೋಟೊ. ಲ್ಯಾಪ್‌ಟಾಪ್ ಪರದೆಯನ್ನು ಮೊಬೈಲ್‌ನಲ್ಲಿ ಓರೆಯಾಗಿ ತೆಗೆದದ್ದು. ಟ್ಯೂಬ್‌ಲೈಟಿನ ಬೆಳಕು ಬಿದ್ದು ಎರರ್ ಇದ್ದ ಸಾಲೇ ಕಾಣದು. ಗುಂಪಿನಲ್ಲಿ ಯಾರೂ ಮಾತಾಡುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋದಲ್ಲಾದರೆ ಸ್ವಲ್ಪ ಹೊತ್ತಿಗೆ ಪ್ರಶ್ನೆಗೇ ಬೀಗ ಬೀಳುತ್ತದೆ. ಹುಡುಗರು ‘ಅಲ್ಲಿರುವವರಿಗೆ ಅಹಂಕಾರ’ ಎಂದುಕೊಂಡು ಸುಮ್ಮನಾಗುತ್ತಾರೆ.

ಅಲ್ಲಿ ಅಹಂಕಾರಿಗಳು ಇಲ್ಲವೆಂದಲ್ಲ. ಆದರೆ ಕೊರತೆಯ ಹೆಚ್ಚಿನ ಪಾಲು ನಮ್ಮ ಲ್ಯಾಬ್‌ಗಳಲ್ಲೇ ಇದೆ. ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿ ಇರುವುದು ಉದ್ದೇಶ, ಪ್ರೋಗ್ರಾಂ, ಔಟ್‌ಪುಟ್. ಓಡಿದ ಪ್ರೋಗ್ರಾಂಗೆ ಅಂಕ, ಓಡದೆ ನಿಂತದ್ದಕ್ಕೆ ಜಾಗವೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ದಿನದ ಅರ್ಧ ಹೋಗುವುದು ಓಡದ ಪ್ರೋಗ್ರಾಂ ಜೊತೆಗೇ. ಅದು ಎಲ್ಲಿ ಕೆಟ್ಟಿದೆ ಎಂದು ಗೊತ್ತಿಲ್ಲದ ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯುವುದನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೇಳಿಕೊಡುವುದಿಲ್ಲ. ವಿಟಿಯು ಮತ್ತು ಸ್ವಾಯತ್ತ ಕಾಲೇಜುಗಳ ಬೋರ್ಡ್ ಆಫ್ ಸ್ಟಡೀಸ್‌ನವರು ರೆಕಾರ್ಡ್‌ನಲ್ಲಿ ಪ್ರತಿ ಸೆಮಿಸ್ಟರಿಗೆ ಒಂದು ಪುಟವನ್ನು ಕೆಟ್ಟ ಪ್ರೋಗ್ರಾಂಗೆ ಮೀಸಲಿಡಬೇಕು ಎಂಬುದು ಈ ಪತ್ರದ ಬೇಡಿಕೆ. ಆ ಪುಟದಲ್ಲಿ ಏನಿರಬೇಕು ಎಂಬುದಕ್ಕೆ ಕನ್ನಡದ್ದೇ ಒಂದು ಪ್ರಸಂಗ ನೋಡಬಹುದು.

ತಾಲ್ಲೂಕುಗಳ ಪಟ್ಟಿ ಇಟ್ಟುಕೊಂಡು ಹುಡುಕುವ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ. ಪಟ್ಟಿಯಲ್ಲಿ ‘ಕೋಲಾರ’ ಕಣ್ಣಿಗೆ ಕಾಣುವಂತೆ ಇದೆ. ಹುಡುಕಿದರೆ ‘ಸಿಗಲಿಲ್ಲ’ ಎನ್ನುತ್ತದೆ. ‘ಬೀದರ’ ಸಿಗುತ್ತಿಲ್ಲ, ‘ಹಾಸನ’ ಸಿಗುತ್ತದೆ. ‘ಕನ್ನಡ ಸರ್ಚ್ ಕೆಲಸ ಮಾಡ್ತಿಲ್ಲ, ಪ್ಲೀಸ್ ಹೆಲ್ಪ್’ ಎಂದು ಬರೆದರೆ ಇದಕ್ಕೆ ಉತ್ತರ ಹೇಳಲು ಯಾರಿಂದಲೂ ಆಗದು. ಡೇಟಾಬೇಸ್ ಇರಬಹುದು, ಫಾಂಟ್ ಇರಬಹುದು, ಕೀಬೋರ್ಡ್ ಇರಬಹುದು. ಕೇಳುವ ಮೊದಲು ಮಾಡಬೇಕಾದದ್ದು ಇಷ್ಟು: ಪಟ್ಟಿಯ ಪದ ಒಂದು, ಟೈಪ್ ಮಾಡಿದ ಪದ ಒಂದು, ಎರಡನ್ನೂ ತೆಗೆದುಕೊಂಡು ಅವುಗಳ ಉದ್ದ ನೋಡುವುದು. ಟೈಪ್ ಮಾಡಿದ್ದರ ಉದ್ದ 5 ಬರುತ್ತದೆ: ಕ, ಓತ್ವ, ಲ, ಆತ್ವ, ರ. ಪಟ್ಟಿಯದ್ದು 7 ಬರುತ್ತದೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಪೈಥಾನ್‌ನ ಆಸ್ಕಿ ಎಂಬ ಫಂಕ್ಷನ್‌ಗೆ ಎರಡೂ ಪದ ಕೊಟ್ಟರೆ ಒಳಗಿನ ಸಂಕೇತಗಳೇ ಹೊರಬರುತ್ತವೆ. ಒಂದರಲ್ಲಿ ಓತ್ವ ಒಂದೇ ಸಂಕೇತ, 0ಸಿಸಿಬಿ. ಇನ್ನೊಂದರಲ್ಲಿ ಅದೇ ಓತ್ವ ಮೂರು ತುಂಡು: ಎತ್ವದ 0ಸಿಸಿ6, ಊತ್ವದ 0ಸಿಸಿ2, ದೀರ್ಘದ ಚಿಹ್ನೆಯ 0ಸಿಡಿ5.

ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಗೊತ್ತುಮಾಡುವ ಯೂನಿಕೋಡ್ ಈ ಎರಡೂ ರೂಪಗಳನ್ನು ಸರಿಯೆಂದೇ ಒಪ್ಪುತ್ತದೆ. ಮೊದಲನೆಯದು ಎನ್‌ಎಫ್‌ಸಿ, ಅಂದರೆ ಜೋಡಿಸಿದ ರೂಪ; ಎರಡನೆಯದು ಎನ್‌ಎಫ್‌ಡಿ, ಬಿಡಿಸಿದ ರೂಪ. ಹಳೆಯ ಮ್ಯಾಕ್ ಕಂಪ್ಯೂಟರುಗಳಲ್ಲಿ ಕಡತದ ಹೆಸರು ಬಿಡಿಸಿದ ರೂಪದಲ್ಲೇ ಉಳಿಯುತ್ತಿತ್ತು. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವೂ ತುಂಡುಗಳನ್ನು ಹಾಗೇ ಬಿಟ್ಟಿರಬಹುದು. ಅರ್ಧ ಜೋಡಿಸಿ ಒತ್ವವೊಂದು, ದೀರ್ಘವೊಂದು ಎಂದು ಇಟ್ಟಿದ್ದರೆ ಉದ್ದ 6 ಬರುತ್ತದೆ. ‘ಹಾಸನ’ ಸಿಕ್ಕಿದ್ದೇಕೆಂದರೆ ಆತ್ವ ಹೀಗೆ ತುಂಡಾಗುವ ಅಕ್ಷರವಲ್ಲ. ತುಂಡಾಗುವವು ಈತ್ವ, ಏತ್ವ, ಐತ್ವ, ಒತ್ವ, ಓತ್ವ ಮಾತ್ರ. ಪಟ್ಟಿಗೂ ಹುಡುಕುವ ಪದಕ್ಕೂ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ ಹಾಕಿ ಎರಡನ್ನೂ ಎನ್‌ಎಫ್‌ಸಿಗೆ ತಂದರೆ ಮುಗಿಯಿತು.

ಮುಗಿಯಲಿಲ್ಲ, ಇನ್ನೊಂದಿದೆ. ‘ರಾಜ್‌ಕುಮಾರ್’ ಎಂದು ಜ ಅಕ್ಷರಕ್ಕೆ ಕ ಒತ್ತಾಗದಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, 200ಸಿ. ನಾರ್ಮಲೈಸ್ ಮಾಡಿದರೆ ಅದು ಹೋಗುವುದಿಲ್ಲ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದರೆ ಮತ್ತೆ ‘ಸಿಗಲಿಲ್ಲ’. ಹಾಗೆಂದು ಎಲ್ಲ ಕಡೆ ಅದನ್ನು ಕಿತ್ತು ಹಾಕಿದರೆ ಹೆಸರು ‘ರಾಜ್ಕುಮಾರ್’ ಎಂದು ಅಚ್ಚಾಗುತ್ತದೆ, ಹೆಸರಿನವರು ಜಗಳಕ್ಕೆ ಬರುತ್ತಾರೆ. ಉಳಿಸುವ ಪ್ರತಿಯಲ್ಲಿ ಇರಲಿ. ಹುಡುಕಲೆಂದೇ ಬೇರೆ ಕಾಲಂ ಮಾಡಿ ಅದರಲ್ಲಿ ತೆಗೆಯಬೇಕು.

ಈ ಹಂತಕ್ಕೆ ಬಂದವರಿಗೆ ಇನ್ನು ಕೇಳುವುದಕ್ಕೇ ಏನೂ ಉಳಿದಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕಟ್ಟಲು ಹೊರಟವರಲ್ಲಿ ಬಹಳ ಮಂದಿ ‘ಪೋಸ್ಟ್’ ಒತ್ತುವ ಮೊದಲೇ ಉತ್ತರ ಕಂಡುಕೊಳ್ಳುತ್ತಾರೆ. ಉಳಿದವರ ಪ್ರಶ್ನೆಯಲ್ಲಿ ಎರಡು ಪದ, ಎರಡು ಉದ್ದ, ಐದು ಸಾಲಿನ ಕೋಡ್ ಇರುತ್ತದೆ. ಪೋಲೆಂಡಿನಲ್ಲಿ ಕುಳಿತವರೂ, ಕನ್ನಡದ ಗಂಧವಿಲ್ಲದವರೂ ಅದನ್ನು ಓಡಿಸಿ ನೋಡಿ ಉತ್ತರ ಹೇಳಬಲ್ಲರು.

ಐದು ಸಾಲಿಗೆ ಇಳಿಸುವುದು ಹೇಗೆ ಎಂಬಲ್ಲೇ ಹೆಚ್ಚಿನವರು ಸೋಲುತ್ತಾರೆ. ಸಾವಿರ ಸಾಲಿನ ಪ್ರಾಜೆಕ್ಟನ್ನು ಜಿಪ್ ಮಾಡಿ ಹಾಕಿದರೆ ಯಾರೂ ತೆರೆಯುವುದಿಲ್ಲ. ಪ್ರತಿ ಮಾಡಿಕೊಂಡು ಅರ್ಧ ಅಳಿಸಿ. ದೋಷ ಇನ್ನೂ ಇದೆಯೆ? ಉಳಿದದ್ದರಲ್ಲಿ ಮತ್ತೆ ಅರ್ಧ. ದೋಷ ಮಾಯವಾಯಿತೆ? ಅಳಿಸಿದ ಅರ್ಧವನ್ನು ವಾಪಸ್ ತಂದು ಇನ್ನೊಂದು ಅರ್ಧ ತೆಗೆಯಿರಿ. ಎರಡನ್ನು ಹತ್ತು ಸಲ ಗುಣಿಸಿದರೆ 1024, ಅಂದರೆ ಸಾವಿರ ಸಾಲಿಗೆ ಹತ್ತು ಸುತ್ತು ಸಾಕು. ನಿಜಕ್ಕೂ ಇಷ್ಟು ನಯವಾಗಿ ನಡೆಯುವುದಿಲ್ಲ. ಒಂದು ಫಂಕ್ಷನ್ ತೆಗೆದರೆ ಅದನ್ನು ಕರೆದ ಕಡೆಯೆಲ್ಲ ಹೊಸ ಎರರ್ ಬರುತ್ತದೆ. ಆಗ ಫಂಕ್ಷನ್ನಿನ ಹೊಟ್ಟೆ ಖಾಲಿ ಮಾಡಿ ಒಂದು ಸ್ಥಿರ ಬೆಲೆಯನ್ನು ಹಿಂತಿರುಗಿಸುವಂತೆ ಇಡಬೇಕು. ಡೇಟಾಬೇಸಿನಿಂದ ಬರುತ್ತಿದ್ದುದನ್ನು ಎರಡು ಸಾಲಿನ ಪಟ್ಟಿಯಾಗಿ ಕೋಡಿನೊಳಗೇ ಬರೆದುಬಿಡಬೇಕು. ಡೇಟಾಬೇಸ್ ತೆಗೆದ ಮೇಲೂ ದೋಷ ಉಳಿದರೆ, ತಿಂಗಳಿಂದ ಅನುಮಾನಿಸುತ್ತಿದ್ದ ಡೇಟಾಬೇಸ್ ನಿರಪರಾಧಿ ಎಂದು ಅಲ್ಲೇ ತೀರ್ಮಾನವಾಯಿತು.

‘ಹೋದ ವಾರ ಓಡುತ್ತಿತ್ತು, ಈಗ ಓಡುತ್ತಿಲ್ಲ’ ಎಂಬ ದೂರಿಗೆ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸುವವರ ಹತ್ತಿರ ಬೇರೆ ದಾರಿ ಇದೆ. ಗಿಟ್ ಬೈಸೆಕ್ಟ್ ಎಂಬ ಕಮಾಂಡಿಗೆ ಓಡುತ್ತಿದ್ದ ಒಂದು ಕಮಿಟ್ (ದಾಖಲಾದ ಹಂತ), ಕೆಟ್ಟಿರುವ ಒಂದು ಕಮಿಟ್ ತೋರಿಸಿದರೆ ನಡುವಿನದ್ದನ್ನು ತೆಗೆದು ಕೈಗೆ ಕೊಡುತ್ತದೆ. ಓಡಿಸಿ ನೋಡಿ ‘ಗುಡ್’ ಅಥವಾ ‘ಬ್ಯಾಡ್’ ಎನ್ನುತ್ತ ಹೋದರೆ ಕೆಡಿಸಿದ ಕಮಿಟ್ಟನ್ನೇ ಬೆರಳಿಟ್ಟು ತೋರಿಸುತ್ತದೆ. ವಾರಕ್ಕೊಮ್ಮೆ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಸರ್ ಹೇಳಿದ್ದು’ ಎಂದು ಫೋಲ್ಡರ್ ಮಾಡಿಡುವವರಿಗೆ ಈ ಸೌಲಭ್ಯ ಇಲ್ಲ.

ಫೋಟೊ ಬೇಡ ಎನ್ನುವುದಕ್ಕೂ ಕಾರಣಗಳಿವೆ. ಫೋಟೊದಲ್ಲಿನ ಕೋಡನ್ನು ಓಡಿಸಲಾಗದು, ಗೂಗಲ್ ಅದನ್ನು ಸರಿಯಾಗಿ ಹುಡುಕಿಕೊಡದು, ಸ್ಕ್ರೀನ್ ರೀಡರ್ ಬಳಸುವ ದೃಷ್ಟಿಹೀನ ಪ್ರೋಗ್ರಾಮರುಗಳಿಗೆ ಅದು ಖಾಲಿ ಹಾಳೆ. ಅಕ್ಷರವಾಗಿಯೇ ಅಂಟಿಸಬೇಕು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಅಂಟಿಸಿದರೆ ನಕ್ಷತ್ರ ಚಿಹ್ನೆ, ಅಂಡರ್‌ಸ್ಕೋರ್‌ಗಳು ದಪ್ಪ ಅಕ್ಷರ, ಓರೆ ಅಕ್ಷರಗಳಾಗಿ ಬದಲಾಗಿ ತಾವೇ ಕಾಣೆಯಾಗಬಹುದು. ಪೈಥಾನ್‌ಗೆ ಪ್ರಾಣವಾದ ಸಾಲಿನ ಮುಂದಿನ ಖಾಲಿ ಜಾಗವೂ ಏರುಪೇರಾಗಬಹುದು. ಕೋಡಿನ ಮುಂದೆ ಮೂರು, ಹಿಂದೆ ಮೂರು ಬ್ಯಾಕ್‌ಟಿಕ್ (`) ಹಾಕಿದರೆ ಇದ್ದ ಹಾಗೇ ನಿಲ್ಲುತ್ತದೆ. ಸ್ಟ್ಯಾಕ್ ಓವರ್‌ಫ್ಲೋ, ಗಿಟ್‌ಹಬ್, ಟೆಲಿಗ್ರಾಂಗಳಲ್ಲೂ ಇದೇ ಚಿಹ್ನೆ.

ಎರರ್ ಸಂದೇಶವನ್ನು ಪೂರ್ತಿ ಹಾಕಬೇಕು. ಪೈಥಾನ್‌ನಲ್ಲಿ ನಿಜವಾದ ತಪ್ಪಿನ ಹೆಸರು ಕೊನೆಯ ಸಾಲಿನಲ್ಲಿರುತ್ತದೆ, ಎಲ್ಲಿ ನಡೆಯಿತು ಎಂಬುದು ಅದರ ಮೇಲೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಓದಬೇಕು. ಜಾವಾದಲ್ಲಿ ‘ಕಾಸ್ಡ್ ಬೈ’ ಎಂದು ಶುರುವಾಗುವ ಸಾಲುಗಳನ್ನು ಹುಡುಕಿ, ಅವುಗಳಲ್ಲಿ ಕೊನೆಯದನ್ನು ಮೊದಲು ನೋಡಬೇಕು. ನೂರು ಸಾಲು ಕೆಂಪಗೆ ಬಂತೆಂದು ಹೆದರಿ ಮೊದಲ ಮೂರು ಸಾಲು ಮಾತ್ರ ಕಳಿಸುವವರು ಮುಖ್ಯವಾದದ್ದನ್ನೇ ಬಿಟ್ಟಿರುತ್ತಾರೆ. ಆಪರೇಟಿಂಗ್ ಸಿಸ್ಟಂ, ಭಾಷೆ, ಲೈಬ್ರರಿ ಇವುಗಳ ಆವೃತ್ತಿ ಸಂಖ್ಯೆಯೂ ಬೇಕು. ‘ಲೇಟೆಸ್ಟ್’ ಎಂದು ಬರೆಯಬೇಡಿ. ಆರು ತಿಂಗಳ ನಂತರ ಓದುವವರಿಗೆ ಅದು ಯಾವುದೆಂದು ಹೇಗೆ ತಿಳಿಯಬೇಕು?

ಚೆನ್ನಾಗಿ ಬರೆದ ದೂರು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2024ರ ಮಾರ್ಚ್ 29ರಂದು ಓಎಸ್‌ಎಸ್ ಸೆಕ್ಯುರಿಟಿ ಎಂಬ ಸಾರ್ವಜನಿಕ ಮೇಲಿಂಗ್ ಲಿಸ್ಟಿಗೆ ಬಂದ ಪತ್ರವನ್ನು ನೋಡಬೇಕು. ಬರೆದವರು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ದೂರದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಯಾಕೋ ನಿಧಾನವಾಗಿದೆ ಎನ್ನಿಸಿ ಅಳೆದರು. ಮೊದಲು 0.299 ಸೆಕೆಂಡ್, ಈಗ 0.807 ಸೆಕೆಂಡ್. ಈ ಅರ್ಧ ಸೆಕೆಂಡಿನ ಬೆನ್ನು ಹತ್ತಿ ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಲೈಬ್ರರಿಯ 5.6.0, 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ತೂರಿಸಿದ್ದ ಹಿಂಬಾಗಿಲನ್ನು ಹಿಡಿದರು. ಅವರ ಪತ್ರದಲ್ಲಿ ಏನು ಕಂಡಿತು, ಹೇಗೆ ಅಳೆದೆ, ಯಾವ ಆವೃತ್ತಿ, ಯಾವ ಯಾವ ಸ್ಥಿತಿಯಲ್ಲಿ ಮಾತ್ರ ಹೀಗಾಗುತ್ತದೆ ಎಂಬುದೆಲ್ಲ ಇದೆ. ತಾನು ಭದ್ರತಾ ಸಂಶೋಧಕನಲ್ಲ ಎಂದೂ ಹೇಳಿಕೊಂಡಿದ್ದಾರೆ. ಅಷ್ಟು ವಿವರ ಇದ್ದುದರಿಂದಲೇ ಬೇರೆಯವರು ತಕ್ಷಣ ತಮ್ಮ ತಮ್ಮ ಯಂತ್ರಗಳಲ್ಲಿ ಪರೀಕ್ಷಿಸಿ ಮುಂದುವರಿಸಲು ಸಾಧ್ಯವಾಯಿತು. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆಯುವುದು ನಮ್ಮ ವೈವಾಗಳಲ್ಲಿ ಅಂಕ ಕಳೆಯುತ್ತದೆ, ಇಂಥ ಕಡೆ ಗೌರವ ತರುತ್ತದೆ.

ಇನ್ನು, ಯಾರನ್ನು ಕೇಳಬೇಕು? ಕನ್ನಡ ಕೆಟ್ಟು ಕಾಣುವಾಗ ಈ ಪ್ರಶ್ನೆ ಬಹಳ ಮುಖ್ಯ, ಏಕೆಂದರೆ ಒಂದೇ ಒತ್ತಕ್ಷರಕ್ಕೆ ಹಲವು ಮನೆಯವರು ಜವಾಬ್ದಾರರು. ಮೊದಲು ಕೆಟ್ಟಿರುವ ಬಗೆ ನೋಡಿ. ಅಕ್ಷರದ ಬದಲು ಖಾಲಿ ಚೌಕಗಳಿದ್ದರೆ ಕನ್ನಡ ಫಾಂಟ್ ಇಲ್ಲ, ಅಷ್ಟೇ, ಯಾರನ್ನೂ ಕೇಳಬೇಕಿಲ್ಲ. ತಲೆಯ ಮೇಲೆ ಗೀರಿರುವ ಇಂಗ್ಲಿಷ್ ‘ಎ’, ಅದರ ಹೆಗಲ ಮೇಲೆ ಪುಟ್ಟ 2 ಅಥವಾ 3, ಹೀಗೆ ಸಾಲಾಗಿ ಬಂದರೆ ಯುಟಿಎಫ್-8ರ (ಯೂನಿಕೋಡನ್ನು ಬೈಟುಗಳಾಗಿ ಬರೆದಿಡುವ ಕ್ರಮದ) ಬೈಟುಗಳು ಸರಿಯಾಗಿಯೇ ಇವೆ, ಓದುವ ತಂತ್ರಾಂಶ ತಪ್ಪು ಕೋಷ್ಟಕ ಹಿಡಿದುಕೊಂಡು ಓದುತ್ತಿದೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಆಗುವುದು ಇದೇ. ಡೇಟಾ ಮೆನುವಿನಿಂದ ಟೆಕ್ಸ್ಟ್ ಕಡತವಾಗಿ ಒಳಗೆ ತಂದು 65001 ಯುಟಿಎಫ್-8 ಆರಿಸಿದರೆ ಸರಿಹೋಗುತ್ತದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಎದೆ ಗಟ್ಟಿ ಮಾಡಿಕೊಳ್ಳಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಆ ಕಾಲಂಗೆ ಹೆಕ್ಸ್ ಫಂಕ್ಷನ್ ಹಾಕಿ ನೋಡಿ. ‘ಕ’ ಅಕ್ಷರದ ಜಾಗದಲ್ಲಿ ಇ0ಬಿ295 ಇದ್ದರೆ ಒಳಗೆ ಕನ್ನಡ ಕ್ಷೇಮ, ಸಂಪರ್ಕದ ಕ್ಯಾರೆಕ್ಟರ್ ಸೆಟ್ ಮಾತ್ರ ತಪ್ಪು. 3ಎಫ್ ಇದ್ದರೆ ಒಳಗಿರುವುದೇ ಪ್ರಶ್ನಾರ್ಥಕ ಚಿಹ್ನೆ. ಬ್ಯಾಕಪ್ ಇಲ್ಲದಿದ್ದರೆ ಯಾವ ಜ್ಞಾನಿಯೂ ಅದನ್ನು ತಂದುಕೊಡಲಾರ.

ಅಕ್ಷರ ಇದೆ, ಆದರೆ ಒತ್ತು ಕೆಳಗೆ ಹೋಗದೆ ಬಿಡಿಬಿಡಿಯಾಗಿ ನಿಂತಿದೆ ಎಂದಾದರೆ ಬೇರೆ ಕತೆ. ‘ಸ್ತ್ರೀ’ ಪದದಲ್ಲಿ ಆರು ಸಂಕೇತಗಳಿವೆ: ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ತ, ವಿರಾಮ, ರ, ಈತ್ವ. ಇವನ್ನು ಒಂದು ಗುಂಪಾಗಿ ಜೋಡಿಸಿ ಯಾವುದು ಎಲ್ಲಿ ಕೂರಬೇಕೆಂದು ನಿರ್ಧರಿಸುವುದು ಶೇಪಿಂಗ್ ಎಂಜಿನ್. ಕ್ರೋಮ್, ಫೈರ್‌ಫಾಕ್ಸ್, ಆ್ಯಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಲೈಬ್ರರಿ. ಪಿಡಿಎಫ್ ತಯಾರಿಸುವ ಎಷ್ಟೋ ಲೈಬ್ರರಿಗಳು ಶೇಪಿಂಗ್ ಇಲ್ಲದೆ ಸಂಕೇತಕ್ಕೊಂದು ಆಕಾರ ಇಟ್ಟು ಮುಂದೆ ಹೋಗುತ್ತವೆ. ಪರದೆಯ ಮೇಲೆ ಚೆನ್ನಾಗಿದ್ದ ಪ್ರಮಾಣಪತ್ರ ಪಿಡಿಎಫ್‌ನಲ್ಲಿ ‘ಸ್ ತ್ ರೀ’ ಆಗುವುದು ಹೀಗೆ. ಫಾಂಟ್ ಬದಲಿಸಿ ಬದಲಿಸಿ ನೋಡಿದರೆ ಪ್ರಯೋಜನವಿಲ್ಲ.

ದೋಷ ಫಾಂಟಿನದೋ ತಂತ್ರಾಂಶದ್ದೋ ತಿಳಿಯಲು ಅದೇ ಪದವನ್ನು ನೋಟೊ ಸ್ಯಾನ್ಸ್ ಕನ್ನಡ, ಲೋಹಿತ್ ಕನ್ನಡ ಎರಡರಲ್ಲೂ, ಎರಡು ಬೇರೆ ತಂತ್ರಾಂಶಗಳಲ್ಲೂ ಹಾಕಿ ನೋಡಬೇಕು. ಒಂದು ಫಾಂಟ್ ಎಲ್ಲ ತಂತ್ರಾಂಶಗಳಲ್ಲೂ ಕೆಟ್ಟರೆ ಫಾಂಟ್ ಮಾಡಿದವರಿಗೆ ಬರೆಯಿರಿ. ಎಲ್ಲ ಫಾಂಟುಗಳೂ ಒಂದೇ ತಂತ್ರಾಂಶದಲ್ಲಿ ಕೆಟ್ಟರೆ ತಂತ್ರಾಂಶದವರಿಗೆ. ಹಾರ್ಫ್‌ಬಜ್ ಜೊತೆ ಬರುವ ಎಚ್‌ಬಿ-ವ್ಯೂ ಎಂಬ ಸಣ್ಣ ಉಪಕರಣದಲ್ಲೂ ತಪ್ಪಾಗಿ ಕಂಡರೆ ವಿಷಯ ಫಾಂಟಿಗೂ ಹಾರ್ಫ್‌ಬಜ್‌ಗೂ ಸಂಬಂಧಿಸಿದ್ದು, ನಡುವಿನ ತಂತ್ರಾಂಶಕ್ಕಲ್ಲ. ರ-ಕಾರ ಮೊದಲಾದ ಗುಂಪಿನಲ್ಲಿ ಅರ್ಕಾವತ್ತಿನ ಬದಲು ರ ಪೂರ್ತಿಯಾಗಿ ಬರಬೇಕೆಂದರೆ ರ ಆದ ಮೇಲೆ, ವಿರಾಮಕ್ಕೆ ಮೊದಲು 200ಡಿ ಸಂಕೇತ ಬರಬೇಕೆಂಬುದು ಯೂನಿಕೋಡಿನ ಕ್ರಮ. ಅದನ್ನು ವಿರಾಮದ ನಂತರ ಇಟ್ಟುಕೊಂಡು ‘ಫಾಂಟ್ ಸರಿಯಿಲ್ಲ’ ಎಂದರೆ ದೂರೇ ತಪ್ಪು. ಕನ್ನಡ ವಿಕಿಪೀಡಿಯದಲ್ಲಿ ಏನಾದರೂ ಕೆಟ್ಟರೆ ಅಲ್ಲಿನ ಅರಳಿ ಕಟ್ಟೆಯಲ್ಲಿ ಕನ್ನಡದಲ್ಲೇ ಕೇಳಬಹುದು. ಮೂಲ ತಂತ್ರಾಂಶದ್ದೇ ದೋಷವಾದರೆ ವಿಕಿಮೀಡಿಯದ ಫ್ಯಾಬ್ರಿಕೇಟರ್‌ನಲ್ಲಿ ದಾಖಲಿಸಬೇಕಾಗುತ್ತದೆ.

ಗಿಟ್‌ಹಬ್‌ನಲ್ಲಿ ಹೊಸ ಇಶ್ಯೂ, ಅಂದರೆ ದೂರು, ತೆರೆಯುವ ಮೊದಲು ಹಳೆಯದರಲ್ಲಿ ಹುಡುಕಿ ಎಂದು ಎಲ್ಲರೂ ಹೇಳುತ್ತಾರೆ. ಹುಡುಕುವ ಪೆಟ್ಟಿಗೆಯಲ್ಲಿ ತೆರೆದಿರುವವನ್ನು ಮಾತ್ರ ತೋರಿಸುವ ಫಿಲ್ಟರ್ ತಾನಾಗಿಯೇ ಕೂತಿರುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಅದನ್ನು ಅಳಿಸಿ ಹುಡುಕಬೇಕು; ನಿಮಗೆ ಬೇಕಾದ ಉತ್ತರ ಮುಚ್ಚಿದ ಇಶ್ಯೂಗಳಲ್ಲೇ ಇರುವ ಸಂಭವ ಹೆಚ್ಚು.

ಸ್ಟ್ಯಾಕ್ ಓವರ್‌ಫ್ಲೋ 2008ರಲ್ಲಿ ಶುರುವಾದದ್ದು. ಅಲ್ಲಿ ಇಂಗ್ಲಿಷ್ ಬಿಟ್ಟರೆ ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್, ಜಪಾನಿ ಭಾಷೆಗಳ ತಾಣಗಳಿವೆ, ಭಾರತದ ಭಾಷೆ ಒಂದೂ ಇಲ್ಲ. ಇಂಗ್ಲಿಷ್ ತಡವರಿಸುವ ಹುಡುಗರು ಅಂಜಬೇಕಿಲ್ಲ; ಕೋಡ್, ನಿರೀಕ್ಷಿಸಿದ ಔಟ್‌ಪುಟ್, ಬಂದ ಔಟ್‌ಪುಟ್ ಮೂರೂ ಇದ್ದರೆ ವ್ಯಾಕರಣವನ್ನು ಬೇರೆಯವರು ಬಂದು ತಿದ್ದುತ್ತಾರೆ. ‘ಡಿಯರ್ ಸರ್’, ‘ಕೈಂಡ್ಲಿ ಡು ದ ನೀಡ್‌ಫುಲ್’, ‘ಅರ್ಜೆಂಟ್’ ಇವನ್ನು ಬಿಡಿ. ಪ್ರಶ್ನೆಯನ್ನು ಮುಚ್ಚಿದರೆ ಅದೇ ಪ್ರಶ್ನೆಯನ್ನು ಹೊಸದಾಗಿ ಹಾಕಬೇಡಿ, ಹಾಗೆ ಮಾಡಿದರೆ ಖಾತೆಗೇ ತಡೆ ಬೀಳಬಹುದು. ಕಾರಣ ಅಲ್ಲೇ ಬರೆದಿರುತ್ತಾರೆ. ಹಳೆಯದನ್ನೇ ತಿದ್ದಿದರೆ ಮತ್ತೆ ತೆರೆಯುವ ಸರದಿಗೆ ಹೋಗುತ್ತದೆ. ‘ಡೂಪ್ಲಿಕೇಟ್’ ಎಂದು ಮುಚ್ಚಿದರೆ ಬೇಸರ ಪಡುವುದಕ್ಕಿಂತ ಅವರು ಕೊಟ್ಟ ಕೊಂಡಿ ಓದುವುದು ಲಾಭ.

ಇಲ್ಲೊಂದು ಕಹಿ ಮಾತನ್ನೂ ಹೇಳಬೇಕು. 2020ರ ಅಕ್ಟೋಬರ್‌ನಲ್ಲಿ ಡಿಜಿಟಲ್‌ಓಷನ್ ಕಂಪನಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಕೊಡುಗೆಯ ಅಭಿಯಾನದ ಟೀಶರ್ಟಿನ ಆಸೆಗೆ ಪ್ರಾಜೆಕ್ಟಿನ ಪರಿಚಯದ ರೀಡ್‌ಮಿ ಕಡತದಲ್ಲಿ ಒಂದೆರಡು ಪದ ಸೇರಿಸಿ ಕಳಿಸಿದ ಪುಲ್ ರಿಕ್ವೆಸ್ಟ್‌ಗಳು (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಪ್ರಾಜೆಕ್ಟ್‌ಗಳನ್ನು ಮುಳುಗಿಸಿದವು. ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂದು ನಿಯಮವನ್ನು ನಡುವೆಯೇ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿನ ರೀಡ್‌ಮಿಗೆ ತಮ್ಮ ಹೆಸರು ಸೇರಿಸುವ ಕೋರಿಕೆಗಳು ಹರಿದುಬಂದವು. ಎರಡರಲ್ಲೂ ವಿಡಿಯೊ ಪಾಠ ನೋಡಿ ಹಾಗೇ ಮಾಡಿದ ಭಾರತದ ವಿದ್ಯಾರ್ಥಿಗಳ ಪಾಲು ದೊಡ್ಡದು. ಸಂಬಳವಿಲ್ಲದೆ ನಿರ್ವಹಿಸುವವರು ಅವನ್ನು ಒಂದೊಂದಾಗಿ ಮುಚ್ಚುತ್ತ ಕೂರಬೇಕು. ಆಮೇಲೆ ನಮ್ಮ ಹುಡುಗರ ನಿಜವಾದ ದೂರನ್ನೂ ಅನುಮಾನದಿಂದ ನೋಡಿದರೆ ತಪ್ಪು ಯಾರದ್ದು?

ಪ್ರಶ್ನೆಯ ಜೊತೆ ಏನು ಹೋಗಬಾರದು ಎಂಬುದನ್ನು ಅಧ್ಯಾಪಕರು ಗದರಿಸಿಯಾದರೂ ಹೇಳಬೇಕು. ಪಾಸ್‌ವರ್ಡ್, ಎಪಿಐ ಕೀ (ತಂತ್ರಾಂಶಗಳು ಬಳಸುವ ಗುಟ್ಟಿನ ಸಂಕೇತ), ಲಾಗ್‌ನಲ್ಲಿ ಬರುವ ಟೋಕನ್, ನಿಜವಾದ ಜನರ ಮೊಬೈಲ್ ಮತ್ತು ಆಧಾರ್ ಸಂಖ್ಯೆ, ಸಹಪಾಠಿಗಳ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಇರುವ ಎಕ್ಸೆಲ್ ಹಾಳೆ, ಇಂಟರ್ನ್‌ಶಿಪ್ ಕೊಟ್ಟ ಕಂಪನಿಯ ಕೋಡ್, ಇವು ಯಾವುವೂ ಹೊರಗೆ ಹೋಗಬಾರದು. ದೋಷ ಮರುಕಳಿಸಲು ಬೇಕಾದಷ್ಟು ಸುಳ್ಳು ಹೆಸರಿನ ಎರಡು ಸಾಲು ಸಾಕು. ತಪ್ಪಿ ಗಿಟ್‌ಹಬ್‌ಗೆ ಕೀ ಹೋಯಿತೆಂದರೆ ಆ ಸಾಲನ್ನು ಅಳಿಸಿ ಇನ್ನೊಂದು ಕಮಿಟ್ ಹಾಕಿದರೆ ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ. ಕೀಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಬೇಕು, ಅದೂ ತಕ್ಷಣ. ಟೊಯೋಟಾದ ಗುತ್ತಿಗೆದಾರರೊಬ್ಬರು 2017ರಲ್ಲಿ ಗಿಟ್‌ಹಬ್‌ಗೆ ಹಾಕಿದ ಕೋಡಿನಲ್ಲಿ ಸರ್ವರಿನ ಕೀ ಇತ್ತು ಎಂಬುದು ಬೆಳಕಿಗೆ ಬಂದದ್ದು 2022ರಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥದ್ದು ಬರೀ ನಾಚಿಕೆಯ ವಿಷಯವಾಗಿ ಉಳಿದಿಲ್ಲ.

ಸಿಕ್ಕ ಉತ್ತರವನ್ನೂ ಕಣ್ಣುಮುಚ್ಚಿ ಅಂಟಿಸುವಂತಿಲ್ಲ. ಬೈಟುಗಳ ಸಂಖ್ಯೆಯನ್ನು ‘1.2 ಎಂಬಿ’ ಎಂಬಂತೆ ತೋರಿಸುವ ಒಂದು ಜಾವಾ ತುಣುಕು 2010ರಲ್ಲಿ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಬಂತು. ಅಲ್ಲಿಂದ ಗಿಟ್‌ಹಬ್‌ನ ಪ್ರಾಜೆಕ್ಟ್‌ಗಳಿಗೆ ಅತಿ ಹೆಚ್ಚು ನಕಲಾದ ಜಾವಾ ತುಣುಕು ಅದೇ ಎಂದು ಸಂಶೋಧಕರು ಗುರುತಿಸಿದರು. 2019ರಲ್ಲಿ ಬರೆದವರೇ ಅದರಲ್ಲಿ ತಪ್ಪಿದೆ ಎಂದು ವಿವರಿಸಿದರು: 9,99,999 ಬೈಟುಗಳನ್ನು ಕೊಟ್ಟರೆ ‘1.0 ಎಂಬಿ’ ಎನ್ನುವ ಬದಲು ‘1000.0 ಕೆಬಿ’ ಎನ್ನುತ್ತಿತ್ತು. ಅಷ್ಟೂ ವರ್ಷ ಅಂಚಿನ ಸಂಖ್ಯೆ ಕೊಟ್ಟು ನೋಡಿದವರು ವಿರಳ. ಉತ್ತರದ ದಿನಾಂಕ ನೋಡಿ, ಆವೃತ್ತಿ ನೋಡಿ, ಸೊನ್ನೆ, ಋಣ ಸಂಖ್ಯೆ, ಖಾಲಿ ಪದ, ಗಡಿಯ ಬೆಲೆ ಇಷ್ಟನ್ನಾದರೂ ಕೊಟ್ಟು ನೋಡಿ. ನಕಲಿಸಿದ ಕಡೆ ಕಾಮೆಂಟಿನಲ್ಲಿ ಮೂಲದ ಕೊಂಡಿ ಬರೆಯಿರಿ. ಅಲ್ಲಿನ ಬರಹದ ಪರವಾನಗಿಯೂ ಕ್ರಿಯೇಟಿವ್ ಕಾಮನ್ಸ್ ಅಡಿ ಮೂಲವನ್ನು ಹೆಸರಿಸಿ ಎನ್ನುತ್ತದೆ.

‘ಈಗ ಎಐ ಇದೆಯಲ್ಲ, ಜನರನ್ನು ಯಾಕೆ ಕೇಳಬೇಕು’ ಎನ್ನುವವರಿದ್ದಾರೆ. ಪಠ್ಯದಲ್ಲಿನ ಸಾಮಾನ್ಯ ತಪ್ಪುಗಳಿಗೆ ಅದು ಚೆನ್ನಾಗಿಯೇ ಉತ್ತರಿಸುತ್ತದೆ. ಆದರೆ ಅರ್ಧ ಮಾಹಿತಿ ಕೊಟ್ಟರೆ ಜನ ‘ಇನ್ನಷ್ಟು ವಿವರ ಬೇಕು’ ಎನ್ನುತ್ತಾರೆ, ಯಂತ್ರ ಎಷ್ಟೋ ಸಲ ಊಹಿಸಿ ಧೈರ್ಯವಾಗಿ ಹೇಳಿಬಿಡುತ್ತದೆ. ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ನಿಷೇಧಿಸಿದ್ದು ಇದಕ್ಕೇ. ಯಂತ್ರವನ್ನೇ ಕೇಳುವುದಾದರೂ ಆ ಐದು ಸಾಲಿನ ಕೋಡ್, ಪೂರ್ತಿ ಎರರ್, ಆವೃತ್ತಿ ಸಂಖ್ಯೆ ಬೇಕೇ ಬೇಕು.

ಲ್ಯಾಬ್ ಪುಟದ ವಿಷಯಕ್ಕೆ ಬಂದರೆ, ಅದರಲ್ಲಿ ಆರು ಅಂಶ ಸಾಕು: ಏನಾಗಬೇಕಿತ್ತು, ಏನಾಯಿತು, ಪೂರ್ತಿ ಎರರ್ ಸಂದೇಶ, ಹತ್ತು ಸಾಲಿಗೆ ಇಳಿಸಿದ ಕೋಡ್, ಆವೃತ್ತಿಗಳು, ಪ್ರಯತ್ನಿಸಿ ಕೈಬಿಟ್ಟ ಎರಡು ಊಹೆ. ‘ಎರಡು ಗಂಟೆಯ ಲ್ಯಾಬ್‌ನಲ್ಲಿ ಸಮಯ ಎಲ್ಲಿದೆ’ ಎಂದು ಅಧ್ಯಾಪಕರು ಕೇಳುವುದು ನ್ಯಾಯವೇ. ಪ್ರತ್ಯೇಕ ಪ್ರಯೋಗ ಬೇಡ. ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ಸ್ಕ್ಯಾನ್‌ಎಫ್‌ಗೆ ಆ್ಯಂಪರ್ಸಂಡ್ ಹಾಕದೆ ಸೆಗ್ಮೆಂಟೇಶನ್ ಫಾಲ್ಟ್ ತಂದುಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅಟೆಂಡರ್ ಅಥವಾ ಮುಂದಿನ ಬೆಂಚಿನವರು ಬಂದು ತಿದ್ದಿಕೊಡುವ ಬದಲು ಅದನ್ನೇ ಆ ಪುಟಕ್ಕೆ ಬರೆಸಬಹುದು. ಜಿಸಿಸಿ ಕಂಪೈಲರಿಗೆ ವಾಲ್ (-Wall) ಎಂಬ ಆಯ್ಕೆ ಕೊಟ್ಟು ಕಂಪೈಲ್ ಮಾಡಿಸಿ, ಬಂದ ಎಚ್ಚರಿಕೆಯನ್ನು ಒಂದಕ್ಷರ ಬಿಡದೆ ನಕಲಿಸಲು ಹೇಳಿ. ಎರಡನೆಯ ಆರ್ಗ್ಯುಮೆಂಟ್ ವಿಳಾಸವಾಗಿರಬೇಕಿತ್ತು, ಸಂಖ್ಯೆಯಾಗಿದೆ ಎಂದು ಅದರಲ್ಲೇ ಬರೆದಿರುತ್ತದೆ. ಆ ಪುಟಕ್ಕೆ ಆಂತರಿಕ ಅಂಕದಲ್ಲಿ ಎರಡು ಅಂಕ ಇಟ್ಟರೆ ಹುಡುಗರು ಬರೆಯುತ್ತಾರೆ. ಇಡದಿದ್ದರೆ ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ನಕಲು ಮಾಡುತ್ತಾರೆ, ಇಬ್ಬರ ಎರರ್‌ನಲ್ಲೂ ಒಂದೇ ಸಾಲಿನ ಸಂಖ್ಯೆ ಇದ್ದರೆ ಹಿಡಿಯುವುದು ಕಷ್ಟವಲ್ಲ.

ಇಂತಿ,
ಒಬ್ಬ ಸಾಫ್ಟ್‌ವೇರ್ ಟೆಸ್ಟರ್
ಹುಬ್ಬಳ್ಳಿ